ಕೊಯ್ನಾದ ಗೇಟು ಎಐಗೆ ಕಾಣುವುದಿಲ್ಲ

ಜುಲೈ ಎರಡನೇ ವಾರ ದಾಟಿತೆಂದರೆ ಚಿಕ್ಕೋಡಿ, ಅಥಣಿ, ಜಮಖಂಡಿ ಕಡೆಯ ಪರಿಚಿತರ ಫೋನು ಶುರುವಾಗುತ್ತದೆ. ಎಲ್ಲರದೂ ಒಂದೇ ಪ್ರಶ್ನೆ: ‘ಕೊಯ್ನಾದಿಂದ ಎಷ್ಟ್ ನೀರ್ ಬಿಟ್ಟಾರ್ರೀ ಸರ?’ ಕೊಯ್ನಾ ಎಂದರೆ ಮಹಾರಾಷ್ಟ್ರದಲ್ಲಿ ಕೃಷ್ಣೆಯ ಉಪನದಿಗೆ ಕಟ್ಟಿದ ಅಣೆಕಟ್ಟೆ. ತಮ್ಮೂರಿನ ಮಳೆಯ ಬಗ್ಗೆ ಯಾರೂ ಕೇಳುವುದಿಲ್ಲ. ಊರಲ್ಲಿ ಬಿಸಿಲಿದ್ದರೂ ಮಹಾಬಳೇಶ್ವರದ ಕಡೆ ಸುರಿದರೆ ಕಲ್ಲೋಳ–ಯಡೂರ ಸೇತುವೆ ಮುಳುಗುತ್ತದೆ ಎಂಬುದು ಕೃಷ್ಣಾ ದಂಡೆಯವರಿಗೆ ಗೊತ್ತು. ಈಚೆಗೆ ಅವರ ಮಾತಿಗೆ ಇನ್ನೊಂದು ಬಾಲ ಸೇರಿದೆ: ‘ಈಗ ಎಐ ಬಂದೈತಲ್ಲ, ಅದೇನ್ ಹೇಳತೈತಿ?’

ನದಿ ಹರಿವಿನ ಲೆಕ್ಕವೇ ನನ್ನ ಕಸುಬಾದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪ್ರವಾಹದ ವಿಷಯದಲ್ಲಿ ಎಐ ಮುಖ್ಯವಾಗಿ ಎರಡು ಕೆಲಸ ಮಾಡುತ್ತದೆ. ಮಳೆ ಎಷ್ಟು ಬರಬಹುದು ಎಂದು ಅಂದಾಜಿಸುವುದು ಒಂದು, ಬಂದ ಮಳೆ ನದಿಗೆ ಎಷ್ಟು ಇಳಿಯುತ್ತದೆ ಎಂದು ಲೆಕ್ಕ ಹಾಕುವುದು ಇನ್ನೊಂದು. ಮೊದಲನೆಯದರಲ್ಲಿ ಆಗಿರುವ ಪ್ರಗತಿ ನಿಜಕ್ಕೂ ದೊಡ್ಡದು. 2023ರಲ್ಲಿ ಹುವಾವೇಯ ಪಂಗು, ಗೂಗಲ್ ಡೀಪ್‌ಮೈಂಡ್‌ನ ಗ್ರಾಫ್‌ಕಾಸ್ಟ್ ಮಾದರಿಗಳು ಬಂದವು. 1979ರಿಂದೀಚಿನ ಹವಾಮಾನ ದಾಖಲೆಯನ್ನು ಅರೆದು ಕುಡಿದ ಇವು, ಸೂಪರ್ ಕಂಪ್ಯೂಟರ್ ಗಂಟೆಗಟ್ಟಲೆ ಮಾಡುವ ಹತ್ತು ದಿನದ ಮುನ್ಸೂಚನೆಯನ್ನು ನಿಮಿಷಗಳಲ್ಲಿ ಕೊಡುತ್ತವೆ. ಯುರೋಪಿನ ಹವಾಮಾನ ಕೇಂದ್ರ 2025ರ ಫೆಬ್ರುವರಿಯಿಂದ ತನ್ನ ಎಐ ಮಾದರಿಯನ್ನು ದಿನನಿತ್ಯದ ಬಳಕೆಗೆ ತಂದಿದೆ. ಅದೇ ವರ್ಷ ಕೇಂದ್ರ ಕೃಷಿ ಸಚಿವಾಲಯ ಇಂಥ ಮಾದರಿಗಳನ್ನು ಆಧರಿಸಿದ ಮುಂಗಾರು ಆರಂಭದ ಮುನ್ಸೂಚನೆಯನ್ನು ಸುಮಾರು 3.8 ಕೋಟಿ ರೈತರಿಗೆ ಎಸ್‌ಎಂಎಸ್ ಮೂಲಕ ಕಳಿಸಿತು.

ಆದರೆ ಮುಂಗಾರು ಯಾವಾಗ ಬರುತ್ತದೆ ಎನ್ನುವುದೇ ಬೇರೆ, ಘಟ್ಟದಲ್ಲಿ ಒಂದು ರಾತ್ರಿ ಎಷ್ಟು ಸುರಿಯುತ್ತದೆ ಎನ್ನುವುದೇ ಬೇರೆ. ಈ ಜಾಗತಿಕ ಮಾದರಿಗಳು ನೆಲವನ್ನು ಸುಮಾರು 25–30 ಕಿ.ಮೀ. ಅಗಲದ ಚೌಕಗಳಾಗಿ ನೋಡುತ್ತವೆ. ಪಶ್ಚಿಮ ಘಟ್ಟದಲ್ಲಿ ಅಷ್ಟು ಅಗಲದೊಳಗೆ ಘಟ್ಟದ ಬುಡ, ನೆತ್ತಿ, ಆಚೆಯ ಮಳೆ ನೆರಳು (ಘಟ್ಟ ಅಡ್ಡವಾಗಿ ಮಳೆ ಕಡಿಮೆ ಬೀಳುವ ಜಾಗ) ಮೂರೂ ಬಂದುಬಿಡುತ್ತವೆ. ಮಾದರಿಗೆ ಕಾಣುವುದು ಮೂರರ ಸರಾಸರಿ. ಇನ್ನೂ ಒಂದು ತೊಡಕಿದೆ. ಸರಾಸರಿ ತಪ್ಪು ಕಡಿಮೆ ಮಾಡುವಂತೆ ತರಬೇತಾದ ಮಾದರಿ, ಅನುಮಾನ ಬಂದಾಗ ನಡುವಿನ ಸಂಖ್ಯೆ ಹೇಳಿ ಪಾರಾಗುತ್ತದೆ. ನೂರರಲ್ಲಿ ತೊಂಬತ್ತು ದಿನ ಅದು ಸರಿಯೇ. ವಿಪತ್ತು ಬರುವುದು ಉಳಿದ ಹತ್ತರಲ್ಲಿ.

ನದಿಯ ಲೆಕ್ಕಕ್ಕೆ ಬರೋಣ. ಇಲ್ಲಿ ಹೆಚ್ಚು ಬಳಕೆಯಲ್ಲಿರುವುದು ಹಿಂದಿನ ದಿನಗಳ ನೆನಪು ಇಟ್ಟುಕೊಳ್ಳುವ ಒಂದು ಬಗೆಯ ನ್ಯೂರಲ್ ನೆಟ್‌ವರ್ಕ್. ಮೂರು ವಾರದಿಂದ ನೆಂದ ನೆಲದ ಮೇಲೆ ಬಿದ್ದ ಮಳೆ ಹೊಳೆಗೆ ಓಡುತ್ತದೆ, ಒಣ ನೆಲದ ಮೇಲೆ ಬಿದ್ದದ್ದು ಇಂಗುತ್ತದೆ. ಇದನ್ನು ಯಾರೂ ಸೂತ್ರ ಬರೆದು ಕೊಡದೆ ಅದು ದಾಖಲೆಯಿಂದಲೇ ಕಲಿಯುತ್ತದೆ. ಗೂಗಲ್ ಸಂಶೋಧಕರು 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಜಗತ್ತಿನ 5,680 ಮಾಪನ ಕೇಂದ್ರಗಳ ದಾಖಲೆ ಬಳಸಿತ್ತು. ದೊಡ್ಡ ಪ್ರವಾಹಗಳ ವಿಷಯದಲ್ಲಿ, ಹಳೆಯ ಜಾಗತಿಕ ವ್ಯವಸ್ಥೆ ಅದೇ ದಿನ ಹೇಳುತ್ತಿದ್ದಷ್ಟು ನಿಖರವಾಗಿ ಐದು ದಿನ ಮೊದಲೇ ಹೇಳಬಹುದು ಎಂಬುದು ಅದರ ತೀರ್ಮಾನ.

ನಮಗೆ ಇದರಿಂದ ಏನು ಲಾಭ ಎನ್ನುವುದಕ್ಕೆ 2019ರ ಆಗಸ್ಟ್‌ನ ಮಲಪ್ರಭಾ ಒಳ್ಳೆಯ ಉದಾಹರಣೆ. ನವಿಲುತೀರ್ಥ ಜಲಾಶಯ ತುಂಬುವುದನ್ನೇ ಜನ ಮರೆತಂತಿದ್ದ, ಬರಕ್ಕೆ ಹೆಸರಾದ ಕೊಳ್ಳ ಅದು. ಕೆಲವೇ ದಿನಗಳಲ್ಲಿ ಜಲಾಶಯ ತುಂಬಿ, ಬಿಟ್ಟ ನೀರು ನರಗುಂದ, ರೋಣ, ಬಾದಾಮಿ ತಾಲ್ಲೂಕುಗಳ ಊರುಗಳಿಗೆ ನುಗ್ಗಿತು. ಬರೀ ಮಲಪ್ರಭಾದ ದಾಖಲೆ ಕಲಿತ ಮಾದರಿಗೆ ಅಂಥ ಪ್ರವಾಹದ ಕಲ್ಪನೆಯೇ ಇರುವುದಿಲ್ಲ. ಸಾವಿರಾರು ನದಿಗಳನ್ನು ಕಲಿತದ್ದಕ್ಕೆ ಬೇರೆಲ್ಲೋ ಇಂಥದ್ದೇ ಒಣ ಕೊಳ್ಳ ಉಕ್ಕಿದ ಅನುಭವ ಇರಬಹುದು. ಎಐ ಬಗ್ಗೆ ನನಗೆ ಭರವಸೆ ಇರುವುದು ಇಲ್ಲಿಯೇ.

ಕೃಷ್ಣೆಯಲ್ಲಿ ಸಮಸ್ಯೆ ಬೇರೆ. ಕೊಯ್ನಾ ಸುಮಾರು 105 ಟಿಎಂಸಿ ಅಡಿ ಸಾಮರ್ಥ್ಯದ ಜಲಾಶಯ. ಅಲ್ಲಿನ ನೀರಿನ ದೊಡ್ಡ ಪಾಲು ವಿದ್ಯುತ್ ಉತ್ಪಾದನೆಗೆಂದು ಪಶ್ಚಿಮಕ್ಕೆ ತಿರುಗಿ ವಾಶಿಷ್ಠಿ ನದಿ ಸೇರುತ್ತದೆ, ನಮ್ಮ ಕಡೆ ಬರುವುದೇ ಇಲ್ಲ. ಜೂನ್ ಕೊನೆಯಲ್ಲಿ ಜಲಾಶಯ ಖಾಲಿ ಇದ್ದಾಗ ಬಿದ್ದ ಮಳೆಯನ್ನು ಅಣೆಕಟ್ಟೆ ನುಂಗಿಕೊಳ್ಳುತ್ತದೆ. ಆಗಸ್ಟ್‌ನಲ್ಲಿ ತುಂಬಿದ ಮೇಲೆ ಅಷ್ಟೇ ಮಳೆ ಬಿದ್ದರೂ ಗೇಟು ಏಳುತ್ತದೆ. ಯಾವಾಗ, ಎಷ್ಟು ಅಡಿ ಎತ್ತಬೇಕೆನ್ನುವುದು ಎಂಜಿನಿಯರುಗಳ ನಿರ್ಧಾರ. ಉಪಗ್ರಹದ ಮಳೆ ಚಿತ್ರದಲ್ಲಿ ಅದು ಕಾಣುವುದಿಲ್ಲ. ಹೀಗಾಗಿ ಕಟ್ಟೆಗಳಿಲ್ಲದ ಹೊಳೆಯಲ್ಲಿ ಚೆನ್ನಾಗಿ ಹೇಳುವ ಮಾದರಿ ಕೃಷ್ಣೆಯಲ್ಲಿ ತಡವರಿಸುತ್ತದೆ.

ಇವತ್ತಿಗೂ ಬೆಳಗಾವಿ ಕಡೆ ನಂಬಿಕೆಗೆ ಅರ್ಹವಾದ ಲೆಕ್ಕ ತುಂಬಾ ಸರಳ: ಮಹಾರಾಷ್ಟ್ರದಲ್ಲಿ ಕೃಷ್ಣೆಗೆ ಕಟ್ಟಿದ ರಾಜಾಪುರ ಬ್ಯಾರೇಜಿನಿಂದ ಇಷ್ಟು ಕ್ಯೂಸೆಕ್, ಉಪನದಿ ದೂಧಗಂಗಾದಿಂದ ಇಷ್ಟು, ಕೂಡಿದರೆ ಕಲ್ಲೋಳದಲ್ಲಿ ಇಷ್ಟು. ಈ ಅಂಕಿಗಳು ನೀರಾವರಿ ಅಧಿಕಾರಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತವೆ, ಎಷ್ಟೋ ಸಲ ಹಾಳೆಯ ಫೋಟೊ ರೂಪದಲ್ಲಿ. ಅವನ್ನೇ ಗಂಟೆಗೊಮ್ಮೆ ಕಂಪ್ಯೂಟರ್ ನೇರವಾಗಿ ಓದುವಂತೆ ಎರಡೂ ರಾಜ್ಯಗಳು ಹಂಚಿಕೊಂಡರೆ, ಹೊಸ ಅಲ್ಗಾರಿದಮ್ ತರುವುದಕ್ಕಿಂತ ಹೆಚ್ಚಿನ ಸುಧಾರಣೆ ಆಗುತ್ತದೆ. ಇದು ನನ್ನ ಅಭಿಪ್ರಾಯ, ಎಐ ಮಾರಲು ಬರುವವರು ಒಪ್ಪಲಿಕ್ಕಿಲ್ಲ.

ಇನ್ನು ಮಳೆಮಾಪಕ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ 6 ಸಾವಿರಕ್ಕೂ ಹೆಚ್ಚು ಮಳೆಮಾಪಕಗಳನ್ನು ಇಟ್ಟಿದೆ, 15 ನಿಮಿಷಕ್ಕೊಮ್ಮೆ ಮಾಹಿತಿ ಬರುತ್ತದೆ. ದೇಶದಲ್ಲಿ ಇಷ್ಟು ಒತ್ತಾದ ಜಾಲ ಅಪರೂಪ. ಇಂಥ ಸ್ವಯಂಚಾಲಿತ ಮಾಪಕದ ಒಳಗೆ ತಕ್ಕಡಿಯಂತೆ ಎರಡು ಪುಟ್ಟ ಬಟ್ಟಲುಗಳಿರುವುದು ಸಾಮಾನ್ಯ. ಒಂದು ತುಂಬಿ ಮಗುಚಿದಾಗ ಇನ್ನೊಂದು ಮೇಲೆ ಬರುತ್ತದೆ, ಎಷ್ಟು ಸಲ ಮಗುಚಿತು ಎಂಬುದೇ ಮಳೆಯ ಲೆಕ್ಕ. ಮೇಲಿನ ಆಲಿಕೆಯ ತೂತಿಗೆ ಒಂದು ಎಲೆ ಸಿಕ್ಕಿಕೊಂಡರೆ, ಒಳಗೆ ಜೇಡ ಬಲೆ ಕಟ್ಟಿದರೆ, ಹೊರಗೆ ಕುಂಭದ್ರೋಣ ಮಳೆ ಬೀಳುತ್ತಿದ್ದರೂ ಪರದೆಯ ಮೇಲೆ ಸೊನ್ನೆ. ಆಲಿಕೆಯಲ್ಲಿ ನಿಂತ ನೀರು ಮರುದಿನ ನಿಧಾನ ಇಳಿದು, ಬಿಸಿಲಲ್ಲಿ ‘ಜಿಟಿಜಿಟಿ ಮಳೆ’ ದಾಖಲಾಗುವುದೂ ಉಂಟು. ಸುತ್ತಲಿನ ಪಂಚಾಯಿತಿಗಳೊಂದಿಗೆ ಹೋಲಿಸಿ ‘ಈ ಮಾಪಕ ಸುಳ್ಳು ಹೇಳುತ್ತಿದೆ’ ಎಂದು ಕ್ಷಣದಲ್ಲಿ ಹಿಡಿಯುವುದು ಎಐಗೆ ಸುಲಭ. ಸುದ್ದಿಯಾಗದ ಕೆಲಸ, ಆದರೆ ತುಂಬಾ ಉಪಯುಕ್ತ. ಏಣಿ ಹತ್ತಿ ಎಲೆ ತೆಗೆಯಲು ಮಾತ್ರ ಮನುಷ್ಯನೇ ಬೇಕು.

ಭೂಕುಸಿತದ ಬಗ್ಗೆ ಒಂದೇ ಮಾತು. 2018ರ ಕೊಡಗು, 2024ರ ಜುಲೈ 16ರ ಉತ್ತರ ಕನ್ನಡದ ಶಿರೂರು ಕುಸಿತಗಳ ನಂತರ ‘ಎಐ ಮೊದಲೇ ಹೇಳಲಿ’ ಎಂಬ ಬೇಡಿಕೆ ಜೋರಾಗಿದೆ. ಅಪಾಯದ ವಲಯದ ನಕ್ಷೆ ಮಾಡಲು ಎಐ ನೆರವಾಗುತ್ತದೆ. ಯಾವ ಗುಡ್ಡ, ಯಾವ ದಿನ ಎನ್ನುವಷ್ಟು ದಾಖಲೆ ನಮ್ಮಲ್ಲಿಲ್ಲ. ಶಿರೂರಿನಲ್ಲಿ ಕುಸಿದದ್ದು ಹೆದ್ದಾರಿಗಾಗಿ ಕಡಿದ ಗುಡ್ಡ. ಗುಡ್ಡ ಕಡಿಯುವ ಮೊದಲಿನ ನಕ್ಷೆ ಕೊಟ್ಟು ಎಷ್ಟೇ ಜಾಣ ಮಾದರಿ ಓಡಿಸಿದರೂ ಅದು ಹಳೆಯ ಗುಡ್ಡದ ಬಗ್ಗೆಯೇ ಹೇಳುತ್ತದೆ.

ಮುನ್ಸೂಚನೆ ಸರಿಯಾಗಿಯೇ ಬಂತು ಎಂದುಕೊಳ್ಳಿ. ‘ಮೂರು ದಿನದಲ್ಲಿ ಅಪಾಯದ ಮಟ್ಟ ಮೀರುವ ಸಾಧ್ಯತೆ ಶೇ 40’ ಎಂದು ಪರದೆ ಹೇಳಿದರೆ ತಹಶೀಲ್ದಾರರು ಏನು ಮಾಡಬೇಕು? ಊರು ಖಾಲಿ ಮಾಡಿಸಿ ನೀರು ಬರದಿದ್ದರೆ ಮುಂದಿನ ಸಲ ಯಾರೂ ಕದಲುವುದಿಲ್ಲ. ಸುಮ್ಮನಿದ್ದು ನೀರು ಬಂದರೆ ಹೇಳುವುದೇ ಬೇಡ. ಅದೇ ಶೇ 40 ಎಂಬುದು ದಂಡೆಯ ರೈತನಿಗೆ ಸಾಕಷ್ಟಾಯಿತು. ಪಂಪ್‌ಸೆಟ್ಟಿನ ಮೋಟಾರು ಬಿಚ್ಚಿ ಮೇಲೆ ತರಲು ಅರ್ಧ ದಿನದ ಆಳು ಖರ್ಚು, ಕೊಚ್ಚಿ ಹೋದರೆ ಸಾವಿರಾರು ರೂಪಾಯಿ. ದನ ಸಾಗಿಸಲು ಶೇ 60 ಆಗಲಿ ಎಂದು ಕಾಯಬಹುದು, ಆದರೆ ಮೇವು, ಟ್ರ್ಯಾಕ್ಟರು, ಜಾಗ ಅಷ್ಟರಲ್ಲಿ ಗೊತ್ತಾಗಿರಬೇಕು. ದನಕ್ಕೆ ಜಾಗವಿಲ್ಲದ ಕಾಳಜಿ ಕೇಂದ್ರಕ್ಕೆ ಹಳ್ಳಿಯವರು ಬರುವುದಿಲ್ಲ, ಇದು ಎಲ್ಲ ನೋಡಲ್ ಅಧಿಕಾರಿಗಳಿಗೂ ಗೊತ್ತಿರುವ ಸಂಗತಿ.

ಆದ್ದರಿಂದ ತಾಲ್ಲೂಕು ಕಚೇರಿಗಳಿಗೆ ನಾನು ಕೇಳುವುದು ಮೇ ತಿಂಗಳಲ್ಲಿ ಬರೆದಿಟ್ಟ ಒಂದು ಪಟ್ಟಿ. ಯಾವ ಊರಿಗೆ, ಯಾವ ಶೇಕಡಾಕ್ಕೆ, ಯಾವ ಕೆಲಸ, ಯಾರ ಹೊಣೆ ಎಂಬುದು ಅದರಲ್ಲಿರಬೇಕು. ಎಚ್ಚರಿಕೆಯ ಸಂದೇಶದಲ್ಲಿ ‘1.5 ಲಕ್ಷ ಕ್ಯೂಸೆಕ್’ ಎನ್ನುವ ಬದಲು ‘ನಾಳೆ ಸಂಜೆಯೊಳಗೆ ಸೇತುವೆ ಬಂದ್, ಮೋಟಾರು ಇವತ್ತೇ ತೆಗೆಯಿರಿ’ ಎಂದಿರಲಿ. ಊರೂರಿಗೆ ತಕ್ಕಂತೆ ಅಂಥ ಸಂದೇಶದ ಕರಡು ಸಿದ್ಧಮಾಡಲು ಎಐ ಧಾರಾಳವಾಗಿ ಬಳಸಿ. ಕಳಿಸುವ ಮೊದಲು ಆ ಊರಿನ ಗ್ರಾಮ ಆಡಳಿತ ಅಧಿಕಾರಿ ಒಮ್ಮೆ ಓದಲಿ. ಯಾವ ಸೇತುವೆಯನ್ನು ಜನ ಯಾವ ಹೆಸರಿನಿಂದ ಕರೆಯುತ್ತಾರೆ ಎಂಬುದು ಅವರಿಗೇ ಗೊತ್ತಿರುತ್ತದೆ.