ಲಾರಿಯನ್ನು ಎಲ್ಲಿ ತುಂಡು ಮಾಡಬೇಕು?

ಸ್ವೀಡನ್ನಿನ ಸ್ಕೇನಿಯಾ ಕಂಪನಿಯ ಮೂರು ಲಾರಿ ಎಂಜಿನ್‌ಗಳನ್ನು ನೋಡಿ. ಒಂದು 9.3 ಲೀಟರಿನದು, ಇನ್ನೊಂದು 12.7, ಮತ್ತೊಂದು 16.4. ಸಿಲಿಂಡರುಗಳು 5, 6 ಮತ್ತು 8. ಪಿಸ್ಟನ್ ಓಡಾಡುವ ಉದ್ದ ಬೇರೆಬೇರೆ. ಆದರೆ ಸಿಲಿಂಡರಿನ ಅಗಲ ಮೂರರಲ್ಲೂ 130 ಮಿಲಿಮೀಟರ್! ಅಗಲ ಒಂದೇ ಆದರೆ ಕೆಲವು ಭಾಗಗಳನ್ನು ಮೂರಕ್ಕೂ ಬಳಸಬಹುದು. (ಕೆಎಸ್ಆರ್‌ಟಿಸಿಯ ಐರಾವತ ಡೈಮಂಡ್ ಕ್ಲಾಸ್‌ನಲ್ಲಿ ಕೂತವರಿಗೆ ಈ ಕಂಪನಿಯ ಹೆಸರು ಹೊಸದೇನಲ್ಲ.)

ಬೇರೆಬೇರೆ ಭಾಗ ಮಾಡಿಟ್ಟುಕೊಂಡು, ಬೇಕಾದಂತೆ ಜೋಡಿಸುವ ಈ ಪದ್ಧತಿಗೆ ಮಾಡ್ಯುಲರ್ ವಿನ್ಯಾಸ ಅನ್ನುತ್ತಾರೆ. ಸುಮ್ನೆ ಒಂದು ಲೆಕ್ಕ ಹಾಕೋಣ. 4 ಬಗೆಯ ಕ್ಯಾಬಿನ್, 3 ಎಂಜಿನ್, 3 ಗೇರ್‌ಬಾಕ್ಸ್, 5 ಆಕ್ಸಲ್ (ಚಕ್ರಗಳ ಅಚ್ಚು) ಇದ್ದರೆ ತಯಾರಿಸಬೇಕಾದ್ದು 15 ಬಗೆಯ ಭಾಗ, ಕಟ್ಟಬಹುದಾದದ್ದು 180 ಬಗೆಯ ಲಾರಿ. ಷರತ್ತು ಒಂದೇ: ಎರಡು ಭಾಗ ಕೂಡುವ ಜಾಗ ಬದಲಾಗಬಾರದು. ಬೋಲ್ಟಿನ ತೂತು ಒಂದು ಮಿಲಿಮೀಟರ್ ಸರಿದರೂ ಲೆಕ್ಕವೆಲ್ಲ ಹೊಳೆಯಲ್ಲಿ ಹುಣಸೆ ತೊಳೆದಂತೆ.

ಇಲ್ಲಿವರೆಗೆ ಸುಲಭ. ಕಷ್ಟ ಇರುವುದು ಭಾಗಗಳ ನಡುವೆ ಗೆರೆ ಎಲ್ಲಿ ಎಳೆಯಬೇಕು ಅನ್ನುವುದರಲ್ಲಿ. ಸ್ಟಾಕ್‌ಹೋಮಿನ ಕೆಟಿಎಚ್ ವಿಶ್ವವಿದ್ಯಾಲಯದಲ್ಲಿ ಗುನ್ನಾರ್ ಎರಿಕ್ಸನ್ 1998ರ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಇದನ್ನೇ ಕೈಗೆತ್ತಿಕೊಂಡರು. ಒಂದು ಭಾಗವನ್ನು ಬೇರೆಯಾಗಿ ಇಡಲು 12 ಕಾರಣಗಳನ್ನು ಪಟ್ಟಿ ಮಾಡಿದರು. ಎಲ್ಲವನ್ನೂ ಇಲ್ಲಿ ಹೇಳಲ್ಲ. ನನಗೆ ಹಿಡಿಸಿದ್ದು, ಯಾವುದು ಎಷ್ಟು ಬೇಗ ಹಳತಾಗುತ್ತದೆ ಅನ್ನುವ ವಿಚಾರ. ಕ್ಯಾಬಿನ್ನಿನ ಅಂದಚೆಂದ ಕಾಲಕ್ಕೆ ತಕ್ಕಂತೆ ಬದಲಾಗಬೇಕು. ಆಕ್ಸಲ್ಲಿನ ಚೆಂದ ಯಾರು ಬಗ್ಗಿ ನೋಡುತ್ತಾರೆ? ಅದು ಮುಂದಿನ ಮಾದರಿಗೂ ಹಾಗೇ ನಡೆಯುತ್ತದೆ. ಬೇಗ ಬದಲಾಗುವುದನ್ನೂ ತಡವಾಗಿ ಬದಲಾಗುವುದನ್ನೂ ಒಂದೇ ಭಾಗದೊಳಗೆ ಸೇರಿಸಿದರೆ, ಒಂದಕ್ಕೋಸ್ಕರ ಎರಡನ್ನೂ ಮತ್ತೆ ವಿನ್ಯಾಸ ಮಾಡಬೇಕಾಗುತ್ತದೆ.

ರಿಪೇರಿಯೂ ಆ ಪಟ್ಟಿಯಲ್ಲಿದೆ. ಮೇಲೆ ಹೇಳಿದ ಎಂಜಿನ್‌ಗಳಲ್ಲಿ ಪ್ರತಿ ಸಿಲಿಂಡರಿಗೂ ಅದರದೇ ಹೆಡ್ (ಮೇಲಿನ ಮುಚ್ಚಳ). ಒಂದು ಕೆಟ್ಟರೆ ಅದೊಂದನ್ನೇ ಬಿಚ್ಚಿದರಾಯಿತು. ಜೋಡಿಸುವ ಮೊದಲೇ ಬಿಡಿಯಾಗಿ ಪರೀಕ್ಷಿಸಬಹುದೇ, ಹೊರಗಿನವರಿಂದ ಮಾಡಿಸಬಹುದೇ, ಕೊನೆಗೆ ಗುಜರಿಗೆ ಹೋದಾಗ ಬೇರ್ಪಡಿಸಬಹುದೇ ಅನ್ನುವುವೂ ಇವೆ.

ತೊಂದರೆ ಅಂದರೆ, ಈ ಕಾರಣಗಳು ತೂಕ, ಗಾತ್ರಗಳ ಜೊತೆ ಜಗಳ ಆಡುತ್ತವೆ. ಪ್ರತಿ ಕೂಡುವ ಜಾಗಕ್ಕೂ ಬೋಲ್ಟು, ಸೀಲು, ಒಂದಿಷ್ಟು ತೂಕ ಬೇಕೇ ಬೇಕು. ಲಾರಿ ಅದನ್ನು ತಡೆದುಕೊಳ್ಳುತ್ತದೆ, ತೆಳ್ಳಗಿರಬೇಕಾದ ಫೋನಿಗೆ ಅದು ಭಾರ. ಅದಕ್ಕೇ ಬ್ಯಾಟರಿಯನ್ನು ಅಂಟು ಹಾಕಿ ಕೂರಿಸಿದರು. ಈಗ ಕಾನೂನೂ ನಡುವೆ ಬಂದಿದೆ. ಉಪಕರಣಗಳೊಳಗಿನ ಸಣ್ಣ ಬ್ಯಾಟರಿಗಳನ್ನು ಬಳಸುವವರೇ ಬಿಚ್ಚಿ ಬದಲಿಸುವಂತಿರಬೇಕು ಎಂದು ಐರೋಪ್ಯ ಒಕ್ಕೂಟ 2023ರಲ್ಲಿ ನಿಯಮ ಮಾಡಿತು. ಕೆಲವು ವಿನಾಯಿತಿಗಳನ್ನು ಬಿಟ್ಟರೆ, 2027ರ ಫೆಬ್ರವರಿಯಿಂದ ಅದು ಜಾರಿ.