ನೂರು ಮೀಟರ್ ಎಲ್ಲಿಂದ ಎಲ್ಲಿಗೆ? ಕಲಬುರಗಿ ಹೊರವಲಯದ ಮದ್ಯದಂಗಡಿಗಳ ಹಿನ್ನೆಲೆ

ಕಲಬುರಗಿಯ ರಿಂಗ್ ರೋಡ್ ದಾಟಿ ಸೇಡಂ ರಸ್ತೆಗೆ ಹೋಗಿ, ಆಳಂದ ರಸ್ತೆಗೆ ಹೋಗಿ, ಹುಮನಾಬಾದ್ ರಸ್ತೆಗೆ ಹೋಗಿ, ಹೊಸ ಲೇಔಟಿನ ಮುಖಕ್ಕೆ ಒಂದು ಕಾಂಪ್ಲೆಕ್ಸ್ ಎದ್ದಿರುತ್ತದೆ. ನೆಲಮಹಡಿಯಲ್ಲಿ ಆರೆಂಟು ಶಟರ್, ಮೇಲೆ ಖಾಲಿ ಹಾಲ್. ಒಳಗಿನ ಪ್ಲಾಟುಗಳಲ್ಲಿ ಇನ್ನೂ ಜಾಲಿ ಬೆಳೆದಿರುವಾಗಲೇ ಒಂದು ಶಟರಿನಲ್ಲಿ ವೈನ್ ಶಾಪ್ ತೆರೆದಿರುವುದುಂಟು. ನಾಲ್ಕೈದು ವರ್ಷದಲ್ಲಿ ಮನೆಗಳು ತುಂಬುತ್ತವೆ, ಶಾಲೆ ಬರುತ್ತದೆ, ಗುಡಿ ಕಟ್ಟುತ್ತಾರೆ. ಆಮೇಲೆ ಕಾಲೊನಿಯ ಹೆಣ್ಣುಮಕ್ಕಳು ಜಿಲ್ಲಾಧಿಕಾರಿ ಕಚೇರಿಗೆ ಮನವಿ ಹಿಡಿದು ಹೋಗುತ್ತಾರೆ. ‘ಶಾಲೆಯ ಪಕ್ಕದಲ್ಲೇ ಅಂಗಡಿ ಇದೆ’ ಎನ್ನುತ್ತಾರೆ ಅವರು. ‘ಲೈಸೆನ್ಸ್ ಕೊಟ್ಟಾಗ ನಿಯಮದ ಪ್ರಕಾರವೇ ಇತ್ತು’ ಎನ್ನುತ್ತದೆ ಇಲಾಖೆ. ಎರಡೂ ಮಾತು ನಿಜ. ತೊಂದರೆಯ ಬೇರು ಇರುವುದು ಅಲ್ಲೇ: ಶಾಲೆ, ಗುಡಿಯಿಂದ ನೂರು ಮೀಟರ್ ಅಂತರ ಕೇಳುವ ಅಬಕಾರಿ ನಿಯಮ ನೋಡುವುದು ಲೈಸೆನ್ಸ್ ಕೊಡುವ ದಿನದ ಊರನ್ನು, ಬಡಾವಣೆ ಬೆಳೆಯುವುದು ಆ ದಿನದ ನಂತರ.

ಮದ್ಯದ ಲೈಸೆನ್ಸಿನ ಬಗೆ ಹೇಳುವ ‘ಸಿಎಲ್’ ನಂಬರುಗಳನ್ನು ಮೊದಲು ಬಿಡಿಸಿಕೊಳ್ಳೋಣ. ನಾವು ವೈನ್ ಶಾಪ್ ಅನ್ನುವುದು ಸಿಎಲ್-2. ಅಲ್ಲಿ ಸೀಲ್ ಬಾಟಲಿ ಕೊಂಡು ಹೋಗಬೇಕು, ಕುಡಿಯುವಂತಿಲ್ಲ. ಬಾರ್ ಆ್ಯಂಡ್ ರೆಸ್ಟೋರೆಂಟ್ ಸಿಎಲ್-9. ಲಾಡ್ಜಿಂಗ್ ಇರುವ ಹೋಟೆಲಿನ ಬಾರ್ ಸಿಎಲ್-7, ಕ್ಲಬ್ ಸಿಎಲ್-4, ರಾಜ್ಯ ಸರ್ಕಾರದ ಕಂಪನಿಯಾದ ಎಂಎಸ್‌ಐಎಲ್‌ನ ಮಳಿಗೆ ಸಿಎಲ್-11ಸಿ. ತಕರಾರು ಬರೆಯುವವರು ಎಲ್ಲವನ್ನೂ ‘ಬಾರ್’ ಎಂದೇ ಬರೆಯುತ್ತಾರೆ, ಅಲ್ಲಿಗೆ ಅರ್ಜಿಯ ಬಲ ಅರ್ಧ ಹೋಯಿತು. ವೈನ್ ಶಾಪಿನ ಮುಂದೆ ನಿಂತು ಕುಡಿಯುವುದು ಲೈಸೆನ್ಸ್ ಷರತ್ತಿನ ಉಲ್ಲಂಘನೆ, ಬಾರಿನ ಒಳಗೆ ಕುಳಿತು ಕುಡಿಯುವುದು ಅಲ್ಲ. ಯಾವ ಸನ್ನದು (ಅಂದರೆ ಲೈಸೆನ್ಸ್) ಎಂಬುದು ಅಂಗಡಿಯ ಬೋರ್ಡಿನಲ್ಲೇ ಇರುತ್ತದೆ, ಅದನ್ನು ನೋಡಿಯೇ ಬರೆಯಬೇಕು.

ಈ ವ್ಯವಸ್ಥೆ ಒಮ್ಮೆಲೇ ಬಂದದ್ದಲ್ಲ. ‘ಅಬಕಾರಿ’ ಪಾರಸಿ ಪದ. ನಿಜಾಮರ ಕಾಲದಲ್ಲಿ ಇಲ್ಲಿ ಸೇಂದಿ, ಸರಾಯಿಗಳ ಹಕ್ಕು ಗುತ್ತಿಗೆಯ ಮೇಲೆ ನಡೆಯುತ್ತಿತ್ತು. ‘ಗುತ್ತೇದಾರ’ ಎಂಬ ಪದ ಈ ಭಾಗದಲ್ಲಿ ಮನೆತನದ ಹೆಸರಾಗಿಯೂ ಉಳಿದಿದೆ. 1956ರಲ್ಲಿ ಕಲಬುರಗಿ, ಬೀದರ್, ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದವು. ಬೇರೆ ಬೇರೆ ಪ್ರಾಂತ್ಯಗಳಿಂದ ಬಂದ ಹಳೆಯ ಕಾನೂನುಗಳ ಜಾಗಕ್ಕೆ 1965ರ ಅಬಕಾರಿ ಕಾಯ್ದೆ ಬಂತು. ಅದರ ಅಡಿಯಲ್ಲಿ 1967ರ ಸಾಮಾನ್ಯ ಷರತ್ತುಗಳ ನಿಯಮ ಮತ್ತು 1968ರ ದೇಶಿ-ವಿದೇಶಿ ಮದ್ಯ ಮಾರಾಟ ನಿಯಮ ರೂಪುಗೊಂಡವು. ಸಿಎಲ್ ನಂಬರುಗಳು ಇರುವುದು 1968ರ ನಿಯಮದಲ್ಲಿ. ಅಂತರದ ಲೆಕ್ಕ ಇರುವುದು 1967ರ ನಿಯಮದ 5ನೇ ಕಲಮಿನಲ್ಲಿ. ಇವತ್ತಿನ ಜಗಳವೆಲ್ಲ ಈ ಎರಡರ ನಡುವೆಯೇ.

ಹಳ್ಳಿಯ ಕುಡಿತ ಬಹುಕಾಲ ಬೇರೆ ದಾರಿಯಲ್ಲೇ ಇತ್ತು. ಹರಾಜಿನಲ್ಲಿ ಹಿಡಿದ ಸರಾಯಿ ಅಂಗಡಿ, ಪ್ಯಾಕೆಟ್ ಸರಾಯಿ, ಈಚಲು ಸೇಂದಿ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸರಾಯಿ ನಿಷೇಧವಾಯಿತು. ಕುಡಿಯುವವರು ಕಡಿಮೆ ಬೆಲೆಯ ವಿಸ್ಕಿ, ರಮ್ಮಿನ 90 ಮತ್ತು 180 ಮಿಲಿ ಪ್ಯಾಕಿಗೆ ಬಂದರು. ಆ ಪ್ಯಾಕ್ ಸಿಗುವುದು ಲೈಸೆನ್ಸ್ ಇರುವ ಅಂಗಡಿಯಲ್ಲಿ, ಲೈಸೆನ್ಸ್ ಇರುವುದು ಪಟ್ಟಣದಲ್ಲಿ ಅಥವಾ ಹೆದ್ದಾರಿ ಬದಿಯಲ್ಲಿ. ಹೀಗಾಗಿ ಊರ ಅಂಚಿನ ವೈನ್ ಶಾಪ್ ಸುತ್ತಲಿನ ಹತ್ತು ಹಳ್ಳಿಗೆ ಸಗಟು ಅಂಗಡಿಯಂತಾಯಿತು, ಅಲ್ಲಿಂದ ಕಿರಾಣಿ ಅಂಗಡಿಗೆ, ಚಹಾದಂಗಡಿಗೆ ಚೀಲಗಟ್ಟಲೆ ಸಾಗಿಸುವ ಅಕ್ರಮವೂ ಬೆಳೆಯಿತು. ಒಬ್ಬ ವ್ಯಕ್ತಿ ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಹುದಾದ ಮಿತಿ ಮದ್ಯವಾದರೆ 2.3 ಲೀಟರ್, ಬಿಯರಾದರೆ 18.2 ಲೀಟರ್. 180 ಮಿಲಿಯ ಲೆಕ್ಕದಲ್ಲಿ 2.3 ಲೀಟರ್ ಎಂದರೆ 12 ಪ್ಯಾಕ್. ಬೈಕಿನ ಮೇಲೆ 48 ಪ್ಯಾಕಿನ ಪೆಟ್ಟಿಗೆ ಹೋಗುತ್ತಿದ್ದರೆ ಅದು ಮನೆಬಳಕೆಗೆ ಅಲ್ಲ. ದೂರು ಕೊಡುವವರು ಹಿಡಿಯಬೇಕಾದ ಎಳೆ ಇದು. ಯಾದಗಿರಿಯ ಗುರುಮಠಕಲ್ ಕಡೆಯಲ್ಲಿ ಗಡಿಯಾಚೆಯ ಸೇಂದಿಯದು ಬೇರೆಯೇ ಕಥೆ. ತೆಲಂಗಾಣದಲ್ಲಿ ಅದಕ್ಕೆ ಅನುಮತಿಯಿದೆ, ಇಲ್ಲಿ ಇಲ್ಲ. ಕ್ಲೋರಲ್ ಹೈಡ್ರೇಟ್ ಬೆರೆಸಿದ ‘ಸಿಎಚ್ ಪೌಡರ್’ ಸೇಂದಿಯ ಅಪಾಯವನ್ನು ಆ ಭಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹೊರವಲಯದ ಪ್ರಶ್ನೆಗೆ ನಿಜವಾದ ತಿರುವು ಸಿಕ್ಕಿದ್ದು 1992ರಲ್ಲಿ. ಆಗಿನಿಂದ ಹೊಸ ಸಿಎಲ್-2, ಸಿಎಲ್-9 ಕೊಡುವುದನ್ನು ಸರ್ಕಾರ ನಿಲ್ಲಿಸಿತು. ಅಂಗಡಿ ಹೆಚ್ಚಬಾರದು ಎಂಬುದು ಉದ್ದೇಶ, ಒಳ್ಳೆಯದೇ. ಆದರೆ ಊರು ನಿಲ್ಲಲಿಲ್ಲ. 2011ರ ಜನಗಣತಿಯಲ್ಲಿ ಕಲಬುರಗಿ ನಗರದ ಜನಸಂಖ್ಯೆ 5.3 ಲಕ್ಷ, ಆಮೇಲೆ ಇನ್ನೂ ಹಿಗ್ಗಿದೆ. ಯಾದಗಿರಿ 2009ರ ಡಿಸೆಂಬರ್ 30ರಂದು ಜಿಲ್ಲೆಯಾಯಿತು. ಕಲಬುರಗಿಯಲ್ಲಿ ಹೈಕೋರ್ಟ್ ಪೀಠ 2008ರಲ್ಲಿ ಸಂಚಾರಿಯಾಗಿ ಬಂದು 2013ರಲ್ಲಿ ಕಾಯಂ ಆಯಿತು. ಕಡಗಂಚಿಗೆ ಕೇಂದ್ರೀಯ ವಿಶ್ವವಿದ್ಯಾಲಯ ಬಂತು. 2019ರ ನವೆಂಬರಿನಲ್ಲಿ ಶ್ರೀನಿವಾಸ ಸರಡಗಿಯಲ್ಲಿ ವಿಮಾನ ನಿಲ್ದಾಣ ತೆರೆಯಿತು. ಗಿರಾಕಿ ಹೊರಗೆ ಹೋದ, ಲೈಸೆನ್ಸ್ ಮಾತ್ರ ಸ್ಟೇಷನ್ ರಸ್ತೆ, ಸೂಪರ್ ಮಾರ್ಕೆಟ್ ಸುತ್ತ ಉಳಿದಿತ್ತು. ಹೊಸದು ಸಿಗದಿದ್ದಾಗ ಹಳೆಯದಕ್ಕೇ ಬೆಲೆ ಬಂತು. ಲೈಸೆನ್ಸ್ ಒಬ್ಬರಿಂದ ಒಬ್ಬರಿಗೆ ವರ್ಗವಾಯಿತು, ಅಂಗಡಿ ಒಂದು ಜಾಗದಿಂದ ಇನ್ನೊಂದಕ್ಕೆ ಸ್ಥಳಾಂತರವಾಯಿತು. ನಿಮ್ಮ ಕಾಲೊನಿಗೆ ಬಂದ ‘ಹೊಸ’ ವೈನ್ ಶಾಪ್ ಹೆಚ್ಚಿನ ಸಲ ಹೊಸದಲ್ಲ, ಊರೊಳಗಿಂದ ಎದ್ದು ಬಂದ ಹಳೆಯ ಸನ್ನದು. ಹೊಸದಾಗಿ ಸೇರಿದ್ದು ಸಿಎಲ್-7 ಹೋಟೆಲುಗಳು ಮತ್ತು ಎಂಎಸ್‌ಐಎಲ್ ಮಳಿಗೆಗಳು. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿಯ ಗುರಿ ಇಟ್ಟ ಸರ್ಕಾರ, ಲೈಸೆನ್ಸ್ ಹಂಚಿಕೆಗೆ ಇ-ಹರಾಜು ತರುವುದಾಗಿಯೂ ಹೇಳಿತು. ಮೂರು ದಶಕದ ತಡೆಯ ನಂತರ ಬಂದ ಮಾತು ಅದು.

ಈ ಸ್ಥಳಾಂತರಕ್ಕೆ ದೊಡ್ಡ ತಳ್ಳು ಕೊಟ್ಟದ್ದು ಹೆದ್ದಾರಿ ತೀರ್ಪು. 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್, ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಯ ಹೊರ ಅಂಚಿನಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದು ಎಂದಿತು. ನಮ್ಮ 1967ರ ನಿಯಮದಲ್ಲಿ ಇದ್ದದ್ದು ರಸ್ತೆಯ ಮಧ್ಯದಿಂದ 220 ಮೀಟರ್. ಅಳತೆ ಶುರುವಾಗುವ ಬಿಂದುವೇ ಬೇರೆ ಎಂಬುದನ್ನು ಗಮನಿಸಿ. 2017ರ ಮಾರ್ಚ್ 31ರಂದು, 20,000ಕ್ಕಿಂತ ಹೆಚ್ಚು ಜನಸಂಖ್ಯೆ ಇಲ್ಲದ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಗೆ 500ರ ಬದಲು 220 ಮೀಟರ್ ಸಾಕೆಂದು ಕೋರ್ಟ್ ತಿದ್ದಿತು, ಚಾಲ್ತಿಯಲ್ಲಿದ್ದ ಲೈಸೆನ್ಸ್ ಅವಧಿ ಮುಗಿಯುವವರೆಗೆ, ಹೆಚ್ಚೆಂದರೆ ಸೆಪ್ಟೆಂಬರ್ 30ರವರೆಗೆ ನಡೆಯಲಿ ಎಂದಿತು. ಕರ್ನಾಟಕದ ಅಬಕಾರಿ ವರ್ಷ ಜುಲೈಯಿಂದ ಜೂನ್‌ವರೆಗೆ. ಹಾಗಾಗಿ ಇಲ್ಲಿ ಗಡುವು ಜೂನ್ 30ಕ್ಕೇ ಬಂತು, ಜುಲೈ 1ಕ್ಕೆ ಹೆದ್ದಾರಿ ಬದಿಯ ಶಟರುಗಳು ಇಳಿದವು. ಜುಲೈ 11ರಂದು ಕೋರ್ಟ್, ನಗರಸಭೆ-ಪಾಲಿಕೆ ವ್ಯಾಪ್ತಿಯ ಲೈಸೆನ್ಸಿಗೆ ಈ ನಿರ್ಬಂಧ ಅನ್ವಯಿಸದು ಎಂದಿತು. 2018ರ ಫೆಬ್ರುವರಿ 23ರ ಆದೇಶ, ಪಂಚಾಯಿತಿ ಪ್ರದೇಶಕ್ಕೂ ವಿನಾಯಿತಿ ಕೊಡಬೇಕೇ ಎಂಬುದನ್ನು ರಾಜ್ಯಗಳಿಗೇ ಬಿಟ್ಟಿತು.

ಕಲಬುರಗಿಯ ನಕ್ಷೆ ಬಲ್ಲವರಿಗೆ ಇದರ ಪರಿಣಾಮ ಸುಲಭವಾಗಿ ಕಾಣುತ್ತದೆ. ಊರಿಂದ ಹೊರಡುವ ದೊಡ್ಡ ರಸ್ತೆಗಳು ಹೆಚ್ಚಾಗಿ ಹೆದ್ದಾರಿಗಳೇ. ಹುಮನಾಬಾದ್–ಜೇವರ್ಗಿ ದಾರಿ ರಾಷ್ಟ್ರೀಯ ಹೆದ್ದಾರಿ 50, ಯಾದಗಿರಿ ಕಡೆಗೆ 150. ಒಂದೇ ರಸ್ತೆ, ಒಂದೇ ಲಾರಿ ಓಡಾಟ, ಪಾಲಿಕೆ ಗಡಿ ಕಲ್ಲಿನ ಈಚೆ ಒಂದು ನಿಯಮ, ಆಚೆ ಇನ್ನೊಂದು. ಗಡಿಯ ಹೊರಗಿದ್ದ ಅಂಗಡಿಗೆ ಎರಡು ದಾರಿ ಉಳಿದವು: ಹೆದ್ದಾರಿ ಬಿಟ್ಟು ಹಳ್ಳಿಯ ಒಳಕ್ಕೆ ಸರಿಯುವುದು, ಇಲ್ಲವೇ ಗಡಿಯೊಳಗಿನ ಹೊಸ ಬಡಾವಣೆಗೆ ಬರುವುದು. ಅಪಘಾತ ತಡೆಯಲು ಬಂದ ತೀರ್ಪು ಅಂಗಡಿಯನ್ನು ಮನೆಗಳ ಹತ್ತಿರ ತಂದಿತು. ಎನ್‌ಎಚ್ 65ರ ಮೇಲಿರುವ ಹುಮನಾಬಾದಿಗೂ ಇದೇ ಲೆಕ್ಕ. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಹೋದಾಗ ಅವರ ಮಾತಿನಲ್ಲಿ ಮುಖ್ಯವಾಗಿದ್ದದ್ದು ಮನೆಬಾಗಿಲಿಗೆ ಬಂದ ಮದ್ಯವೇ.

ಇನ್ನು ಆ ನೂರು ಮೀಟರ್. ನಿಯಮದ ಪ್ರಕಾರ ಧಾರ್ಮಿಕ ಸಂಸ್ಥೆ, ಶಿಕ್ಷಣ ಸಂಸ್ಥೆ, ಆಸ್ಪತ್ರೆ, ಸರ್ಕಾರಿ ಅಥವಾ ಸ್ಥಳೀಯ ಸಂಸ್ಥೆಯ ಕಚೇರಿಯಿಂದ 100 ಮೀಟರ್ ಒಳಗೆ ಲೈಸೆನ್ಸ್ ಕೊಡುವಂತಿಲ್ಲ. ಪರಿಶಿಷ್ಟ ಜಾತಿ, ಪಂಗಡದವರೇ ಹೆಚ್ಚಾಗಿರುವ ವಸತಿ ಪ್ರದೇಶದಲ್ಲೂ ಕೊಡುವಂತಿಲ್ಲ. ಅಳೆಯುವುದು ಹಕ್ಕಿ ಹಾರುವ ದಾರಿಯಲ್ಲಿ ಅಲ್ಲ. ಅಂಗಡಿ ಬಾಗಿಲಿನ ಮಧ್ಯಬಿಂದುವಿನಿಂದ, ಪಾದಚಾರಿ ಸಾಮಾನ್ಯವಾಗಿ ನಡೆಯುವ ಹತ್ತಿರದ ದಾರಿಯಲ್ಲಿ, ಸಂಸ್ಥೆಯ ಗೇಟಿನ ಮಧ್ಯಬಿಂದುವಿನವರೆಗೆ. ಕಾಂಪೌಂಡ್ ಇಲ್ಲದಿದ್ದರೆ ಕಟ್ಟಡದ ಬಾಗಿಲಿನವರೆಗೆ.

ಒಂದು ಉದಾಹರಣೆ ಹಾಕಿ ನೋಡಿ. ಅಂಗಡಿಯ ಎದುರು ಬದಿಗೆ ಶಾಲೆ, ಶಾಲೆಯ ಗೇಟು 30 ಮೀಟರ್ ಎಡಕ್ಕೆ. ಬಾಗಿಲಿನಿಂದ ರಸ್ತೆಗೆ 9 ಮೀಟರ್, ರಸ್ತೆಯ ಅಗಲ 24, ಆಚೆ ಅಂಚಿನಿಂದ ಗೇಟಿಗೆ 4. ನೇರ ದಾಟಿದರೆ 9+24+30+4, ಅಂದರೆ 67 ಮೀಟರ್. ಆದರೆ ನಡುವೆ ಡಿವೈಡರ್ ಇದೆ, ಅದರ ತೆರಪು 45 ಮೀಟರ್ ಬಲಕ್ಕೆ. ತೆರಪಿನ ಮೂಲಕ ಹೋದರೆ 9+45+24+75+4, ಒಟ್ಟು 157 ಮೀಟರ್. ಮೊದಲ ಲೆಕ್ಕದಲ್ಲಿ ಅಂಗಡಿ ನಿಲ್ಲದು, ಎರಡನೆಯದರಲ್ಲಿ ನಿಲ್ಲುತ್ತದೆ. ಮಕ್ಕಳು ದಿನಾ ಡಿವೈಡರ್ ಹಾರಿ ದಾಟುತ್ತಾರೆಂದರೆ ಅದು ‘ಸಾಮಾನ್ಯವಾಗಿ ನಡೆಯುವ ದಾರಿ’ಯೇ? ಪ್ರಕರಣ ನಿಲ್ಲುವುದು, ಬೀಳುವುದು ಇಂಥ ಒಂದು ಪ್ರಶ್ನೆಯ ಮೇಲೆ.

ಎಡವುವ ಜಾಗಗಳು ಇನ್ನೂ ಇವೆ. ಮೊಬೈಲ್ ಮ್ಯಾಪಿನಲ್ಲಿ ಗೆರೆ ಎಳೆದು ‘70 ಮೀಟರ್’ ಎಂದು ಬರೆದರೆ ಅದು ನೇರ ಗೆರೆಯ ಅಳತೆ, ಸಾಲದಾಗುತ್ತದೆ. 30 ಮೀಟರ್ ಟೇಪನ್ನು ನಾಲ್ಕು ಸಲ ಹಿಡಿದರೆ ಪ್ರತಿ ಸಲದ ಜೋಲು ಸೇರಿ ತಪ್ಪು ಬೆಳೆಯುತ್ತದೆ, 50 ಮೀಟರಿನ ಫೈಬರ್ ಟೇಪನ್ನು ನೆಲಕ್ಕೆ ತಾಗಿಸಿ ಹಿಡಿಯುವುದು ವಾಸಿ. ಶಹಾಬಾದ್ ಕಲ್ಲು ನಿಲ್ಲಿಸಿದ ಕಾಂಪೌಂಡಿನಲ್ಲಿ ಎರಡು ಕಲ್ಲು ಬಿದ್ದು ಮಕ್ಕಳು ಅಲ್ಲಿಂದಲೇ ನುಗ್ಗುತ್ತಿದ್ದರೂ ಅದನ್ನು ಗೇಟು ಎಂದು ಒಪ್ಪಿಸುವುದು ಕಷ್ಟ. ಶಾಲೆಗೆ ಎರಡು ಗೇಟಿದ್ದರೆ ಹತ್ತಿರದ್ದನ್ನು ಹಿಡಿಯಬೇಕು. ಸ್ಥಳ ಪರಿಶೀಲನೆಯ ದಿನ ಆ ಗೇಟಿಗೆ ಬೀಗ ಬಿದ್ದಿದ್ದರೆ ವರದಿಯಲ್ಲಿ ಅದರ ಉಲ್ಲೇಖವೇ ಇರದೆ ಹೋಗಬಹುದು. ಮಾನ್ಯತೆ ಇಲ್ಲದ ಟ್ಯೂಷನ್ ಕ್ಲಾಸು ಶಿಕ್ಷಣ ಸಂಸ್ಥೆಯ ಲೆಕ್ಕಕ್ಕೆ ಬರುವುದಿಲ್ಲ. ಡಾಕ್ಟರು ಸಂಜೆ ಕೂರುವ ಕ್ಲಿನಿಕ್ಕು ಆಸ್ಪತ್ರೆಯಾಗುವುದಿಲ್ಲ. ಬೇವಿನ ಕಟ್ಟೆಯ ಹನುಮಪ್ಪನಿಗೆ ನೂರು ವರ್ಷದ ಪೂಜೆ ಇರಬಹುದು, ಟ್ರಸ್ಟ್, ಮುಜರಾಯಿ ಅಥವಾ ವಕ್ಫ್ ನೋಂದಣಿಯ ಕಾಗದ ಇಲ್ಲದಿದ್ದರೆ ತಕರಾರು ನಿಲ್ಲುವುದು ಕಷ್ಟ. ಜನರ ಭಕ್ತಿ ಲೆಕ್ಕಕ್ಕೆ ಬರದೆ ಕಾಗದವೇ ದೊಡ್ಡದಾಗುವುದು ನೋವಿನ ಸಂಗತಿ, ಆದರೂ ಗುಡಿಯ ಕಾಗದ ಮೊದಲು ಮಾಡಿಸಿಟ್ಟ ಕಾಲೊನಿಗೆ ಮುಂದೆ ಅದೇ ರಕ್ಷಣೆ.

ಸ್ಥಳಾಂತರದ ಅರ್ಜಿ ಅಬಕಾರಿ ಉಪ ಆಯುಕ್ತರ ಕಚೇರಿಯ ಮೂಲಕ ಸಾಗುತ್ತದೆ. ಜಿಲ್ಲಾಧಿಕಾರಿಯನ್ನೂ ಅಬಕಾರಿ ಉಪ ಆಯುಕ್ತರನ್ನೂ ಜನ ‘ಡಿಸಿ’ ಎಂದೇ ಕರೆಯುವುದರಿಂದ ಮನವಿ ತಪ್ಪು ಮೇಜಿಗೆ ಹೋಗಿ ವಾರಗಳು ಕಳೆಯುತ್ತವೆ. ಇಬ್ಬರಿಗೂ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಬೇಕು. ಅರ್ಜಿಯ ಜೊತೆ ಮಳಿಗೆಯ ಬಾಡಿಗೆ ಕರಾರು, ಖಾತಾ, ನಕ್ಷೆ, ಚಕ್ಕುಬಂದಿ (ಜಾಗದ ನಾಲ್ಕು ದಿಕ್ಕಿನ ಗಡಿಯ ವಿವರ) ಇರುತ್ತವೆ. ಅಬಕಾರಿ ನಿರೀಕ್ಷಕರು ಸ್ಥಳ ನೋಡಿ ಅಳತೆಯ ವರದಿ ಕೊಡುತ್ತಾರೆ. ತಕರಾರಿಗೆ ಸರಿಯಾದ ಹೊತ್ತು ಇದೇ, ಆದೇಶ ಆಗುವ ಮೊದಲು. ಶಟರಿಗೆ ಬಣ್ಣ ಬಳಿದು, ಕಬ್ಬಿಣದ ಜಾಲರಿ ಕೂರಿಸಿ, ರ‍್ಯಾಕ್ ಬಂದವೆಂದರೆ ಮಾಲೀಕರನ್ನು ಆಗಲೇ ಕೇಳಬೇಕು. ಆದೇಶ ಆದ ಮೇಲೆ ಉಳಿಯುವುದು ಮೇಲ್ಮನವಿ: ಅಬಕಾರಿ ಆಯುಕ್ತರು, ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿ, ಹೈಕೋರ್ಟ್. ಪ್ರತಿ ಮೆಟ್ಟಿಲಿಗೂ ಕಾಲ, ಹಣ ಎರಡೂ ಬೇಕು.

ಅಂಗಡಿ ಆಗಲೇ ನಡೆಯುತ್ತಿದ್ದರೆ ಅಂತರಕ್ಕಿಂತ ಷರತ್ತಿನ ಉಲ್ಲಂಘನೆ ಹಿಡಿಯುವುದು ಫಲ ಕೊಡುತ್ತದೆ. ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿಯಲ್ಲಿ ಲೈಸೆನ್ಸ್ ಪ್ರತಿ, ಚಕ್ಕುಬಂದಿ ನಕ್ಷೆ, ನಿರೀಕ್ಷಕರ ವರದಿ ಈ ಮೂರನ್ನು ಕೇಳಿ. ಚಕ್ಕುಬಂದಿಯಲ್ಲಿ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಬರೆದಿರುವ ಜಾಗದ ಹೊರಗೆ ಮಾರಾಟ ಮಾಡುವಂತಿಲ್ಲ. ಹಿಂದಿನ ಕಿಟಕಿಯಿಂದ ಕೊಡುವುದು, ಪಕ್ಕದ ಖಾಲಿ ಪ್ಲಾಟಿನಲ್ಲಿ ತಗಡು ಹಾಕಿ ಬೆಂಚು ಇಡುವುದು, ಬೆಳಗಿನ ಹತ್ತಕ್ಕೆ ಮುಂಚೆ ಅರ್ಧ ಶಟರ್ ಎತ್ತಿ ಮಾರುವುದು ಎಲ್ಲವೂ ದಾಖಲಾಗುವಂಥ ತಪ್ಪುಗಳೇ. ರಸ್ತೆಯಲ್ಲಿ ನಿಂತು ಕುಡಿಯುವವರ ಮೇಲೆ ಕಾಯ್ದೆಯ 15ಎ ಕಲಮಿನ ಅಡಿ ಕೇಸು ಬೀಳುತ್ತದೆ, ಸನ್ನದುದಾರರ ತಪ್ಪಿಗೆ 29ನೇ ಕಲಮಿನ ಅಡಿ ಅಮಾನತು ಅಥವಾ ರದ್ದತಿಗೆ ಅವಕಾಶವಿದೆ. ದಿನಾಂಕ, ಗಂಟೆ ಕಾಣುವ ಫೋಟೊ ಹತ್ತು ಇದ್ದರೆ ನೂರು ಸಹಿಗಿಂತ ಹೆಚ್ಚು ಕೆಲಸ ಮಾಡುತ್ತವೆ.

ಇಷ್ಟೆಲ್ಲ ಓಡಾಟ ಬೇಡವಾಗುವ ಜಾಗ ಒಂದಿದೆ, ಅದು ಲೇಔಟ್ ಮಂಜೂರಾತಿಯ ಮೇಜು. ನಗರಾಭಿವೃದ್ಧಿ ಪ್ರಾಧಿಕಾರ ಒಪ್ಪುವ ನಕ್ಷೆಯಲ್ಲಿ ಶಾಲೆಗೆ, ಆಸ್ಪತ್ರೆಗೆ ಬಿಟ್ಟ ಸಿಎ (ನಾಗರಿಕ ಸೌಲಭ್ಯದ) ನಿವೇಶನ ಮೊದಲ ದಿನದಿಂದಲೇ ಗುರುತಾಗಿರುತ್ತದೆ. ಆದರೆ ಅಂತರ ಅಳೆಯುವವರಿಗೆ ಆ ನಿವೇಶನ ಖಾಲಿ ಜಾಗವಾಗಿ ಕಾಣುತ್ತದೆ, ಏಕೆಂದರೆ ಶಾಲೆ ಇನ್ನೂ ಕಟ್ಟಿಲ್ಲ. ಸ್ಥಳಾಂತರದ ಕಡತದಲ್ಲಿ ಲೇಔಟ್ ನಕ್ಷೆಯ ಒಂದು ಪ್ರತಿ ಕಡ್ಡಾಯವಾದರೆ, ಸಿಎ ನಿವೇಶನದ ಅಂಚಿನಿಂದಲೂ ಅಂತರ ಅಳೆದರೆ, ಐದು ವರ್ಷದ ನಂತರದ ಜಗಳ ಅಂದೇ ತಪ್ಪುತ್ತದೆ. ನಿಯಮ ಹಾಗೆ ಬದಲಾಗುವವರೆಗೆ ನಕ್ಷೆಯ ಪ್ರತಿಯನ್ನು ನಿವಾಸಿಗಳ ಸಂಘವೇ ತಕರಾರಿನ ಜೊತೆ ಲಗತ್ತಿಸಬೇಕು. ಸನ್ನದುಗಳ ನವೀಕರಣ ಜುಲೈ 1ಕ್ಕೆ. ಫೋಟೊ, ಅಳತೆ, ಚಕ್ಕುಬಂದಿ ಪ್ರತಿ ಎಲ್ಲವೂ ಕೈಯಲ್ಲಿ ಇರಬೇಕೆಂದರೆ ಮಾಹಿತಿ ಹಕ್ಕಿನ 30 ದಿನ ಲೆಕ್ಕ ಹಿಡಿದು ಏಪ್ರಿಲ್ ಮೊದಲ ವಾರದಲ್ಲೇ ಅರ್ಜಿ ಹಾಕಿ, ಮೇ ಮುಗಿಯುವುದರೊಳಗೆ ಮನವಿ ಕೊಡಿ.