ಅರ್ಧ ಮನೆ ಇಳಿದ ಶ್ರುತಿ

ಹಾಸನದ ನಮ್ಮ ಮನೆಯಲ್ಲಿ ಅತ್ತಿಗೆಯ ಸೀಮಂತ. ಆರತಿ ಮುಗಿದ ಮೇಲೆ ಎಲ್ಲರೂ "ಒಂದು ಹಾಡು ಹೇಳಮ್ಮ" ಎಂದು ಗಂಟುಬಿದ್ದರು. ಅತ್ತಿಗೆ ಮಕ್ಕಳಿಗೆ ಸಂಗೀತ ಪಾಠ ಹೇಳುವವರು. ಶ್ರುತಿಪೆಟ್ಟಿಗೆಯಲ್ಲಿ ಐದೂವರೆ ಮನೆ ಇಟ್ಟು ಶುರುಮಾಡಿದರು (ಮನೆ ಅಂದರೆ ಶ್ರುತಿಯ ಮೆಟ್ಟಿಲು; ಅಂಕಿ ಏರಿದಂತೆ ಶ್ರುತಿಯೂ ಏರುತ್ತದೆ). ಪಲ್ಲವಿ ಚೆನ್ನಾಗಿಯೇ ಬಂತು. ಚರಣದ ಉದ್ದ ಸಾಲಿನ ನಡುವೆ ಗಕ್ಕನೆ ನಿಂತರು.

"ಮರೆತುಹೋಯ್ತಾ?" ಎಂದರು ದೊಡ್ಡಮ್ಮ.

"ಇಲ್ಲ ದೊಡ್ಡತ್ತೆ, ದಮ್ಮು ಸಾಲ್ತಿಲ್ಲ."

ಹಾಡು ಗಂಟಲಲ್ಲಿ ಹುಟ್ಟುತ್ತದೆ ಅಂದುಕೊಳ್ಳುತ್ತೇವೆ, ಆದರೆ ಅದರ ತಿದಿ ಇರುವುದು ಕೆಳಗೆ. ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಅಗಲವಾದ ಸ್ನಾಯು ಇದೆ. ಗರ್ಭಕೋಶ ಬೆಳೆದಂತೆ ಅದು ಸುಮಾರು 4 ಸೆಂಟಿಮೀಟರ್ ಮೇಲಕ್ಕೆ ಸರಿಯುತ್ತದೆ. ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಯುವ ಗಾಳಿ ತುಂಬು ತಿಂಗಳ ಹೊತ್ತಿಗೆ ಸುಮಾರು ಶೇಕಡಾ 20ರಷ್ಟು ಕಡಿಮೆಯಾಗುತ್ತದೆ. ಉಸಿರನ್ನು ಹದವಾಗಿ ಬಿಡಲು ಒತ್ತಾಸೆ ಕೊಡುವ ಹೊಟ್ಟೆಯ ಸ್ನಾಯುಗಳೂ ಹಿಗ್ಗಿರುತ್ತವೆ. ಒಂದೇ ಉಸಿರಲ್ಲಿ 'ಆ' ಎಂದು ಎಳೆದು ನೋಡಿದರೆ ಮೊದಲಿನಷ್ಟು ಹೊತ್ತು ನಿಲ್ಲುವುದಿಲ್ಲ.

ಗಂಟಲಿಗೂ ಅದರದೇ ಪಾಡು. ಹೆಣ್ಣುಮಕ್ಕಳು ಮಾತಾಡುವಾಗ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 200 ಸಲ ಕಂಪಿಸುತ್ತವೆ. ಗರ್ಭಿಣಿಯ ಹಾರ್ಮೋನುಗಳಿಂದ ಮೈಯಲ್ಲಿ ನೀರು ನಿಂತು ಕಾಲು ಬಾತಂತೆ, ಈ ತಂತುಗಳೂ ಕೆಲವರಲ್ಲಿ ಸ್ವಲ್ಪ ಊದಿಕೊಳ್ಳುತ್ತವೆ. ದಪ್ಪಗಾದ ತಂತಿ ನಿಧಾನವಾಗಿ ಅಲ್ಲಾಡುತ್ತದೆ ಅಲ್ವಾ? ಹಾಗೇ ದನಿ ಭಾರ. ಮೂಗು ಕಟ್ಟುವುದು, ಹುಳಿತೇಗು ಮೇಲೆ ಬಂದು ಗಂಟಲು ಉರಿಯುವುದು ಬೇರೆ.

ವಿಚಿತ್ರ ಅಂದರೆ, ದನಿ ಚೆನ್ನಾಗಿ ಇಳಿಯುವುದು ಹೆರಿಗೆ ಆದ ಮೇಲೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಕಾಸಿಯಾ ಪಿಸಾನ್ಸ್ಕಿ ಮತ್ತು ಸಂಗಡಿಗರು 2018ರಲ್ಲಿ ಇದನ್ನು ಪ್ರಕಟಿಸಿದರು. 20 ತಾಯಂದಿರು ಹೆರಿಗೆಯ ಹಿಂದಿನ 5 ವರ್ಷಗಳಲ್ಲಿ, ನಂತರದ 5 ವರ್ಷಗಳಲ್ಲಿ ಆಡಿದ ಮಾತುಗಳ ರೆಕಾರ್ಡಿಂಗ್ ಹುಡುಕಿ ಅಳೆದರು. ಹೆರಿಗೆಯ ನಂತರ ದನಿ ಸರಾಸರಿ 15 ಹರ್ಟ್ಸ್‌ಗಿಂತ, ಅಂದರೆ ಸೆಕೆಂಡಿಗೆ 15 ಕಂಪನಕ್ಕಿಂತ ಜಾಸ್ತಿ ಇಳಿದಿತ್ತು. ನಮ್ಮ ಲೆಕ್ಕದಲ್ಲಿ ಅರ್ಧ ಮನೆಗಿಂತ ಚೂರು ಹೆಚ್ಚು: ಐದೂವರೆಯಿಂದ ಐದಕ್ಕೆ, ಅದಕ್ಕೂ ಸ್ವಲ್ಪ ಕೆಳಗೆ. ಮಾತಿನಲ್ಲಿ ದನಿ ಮುಟ್ಟುವ ಅತಿ ಮೇಲಿನ ಸ್ವರವಂತೂ ಸುಮಾರು ಒಂದು ಮನೆಯಷ್ಟು ತಗ್ಗಿತ್ತು. ಒಂದು ವರ್ಷದ ಹೊತ್ತಿಗೆ ಮತ್ತೆ ಮೊದಲಿನಂತಾಗಿತ್ತು. ಹೆರಿಗೆಯಾದೊಡನೆ ಹಾರ್ಮೋನುಗಳು ದಿಢೀರನೆ ಕುಸಿಯುವುದು ಒಂದು ಕಾರಣ ಇರಬಹುದು ಎಂಬುದು ಅವರ ಊಹೆ. ಅಂದಹಾಗೆ ಅವರು ಅಳೆದದ್ದು ಮಾತನ್ನು, ಹಾಡನ್ನಲ್ಲ.

ನಮ್ಮ ಕಡೆ ಬಾಣಂತಿಗೆ ಜಾಸ್ತಿ ನೀರು ಕೊಡಬಾರದು ಅನ್ನುತ್ತಾರೆ. ನನಗಂತೂ ಇದು ಒಪ್ಪಿಗೆಯಿಲ್ಲ. ಧ್ವನಿತಂತುಗಳು ಸಲೀಸಾಗಿ ಕಂಪಿಸಲು ಮೇಲ್ಪದರ ಒದ್ದೆಯಾಗಿರಬೇಕು. ಮೇಲಾಗಿ ಹಾಲೂಡಿಸುವ ತಾಯಿಗೆ ಬಾಯಾರಿಕೆಯೇ ಹೆಚ್ಚು. ಅತ್ತಿಗೆ ದೊಡ್ಡಮ್ಮನ ಕಣ್ಣು ತಪ್ಪಿಸಿ ಚೊಂಬು ಖಾಲಿ ಮಾಡುತ್ತಿದ್ದರು! ದನಿ ಒಡೆದಿದೆ ಎಂದು ಸುಮ್ನೆ ಪಿಸುಗುಟ್ಟುವುದೂ ವಿಶ್ರಾಂತಿಯಲ್ಲ, ಒತ್ತಿ ಪಿಸುಗುಟ್ಟಿದರೆ ಗಂಟಲು ಇನ್ನೂ ದಣಿಯುತ್ತದೆ. ಮೂರು ವಾರ ಕಳೆದರೂ ಕರಕರ ಹೋಗದಿದ್ದರೆ ಇಎನ್‌ಟಿ ಡಾಕ್ಟರಿಗೆ ತೋರಿಸಬೇಕು.

ಮಗುವಿಗೆ ಈಗ ಹದಿಮೂರು ತಿಂಗಳು. ಅತ್ತಿಗೆಯ ಶ್ರುತಿಪೆಟ್ಟಿಗೆ ಇನ್ನೂ ಐದರಲ್ಲೇ ಇದೆ. "ಐದೂವರೆ ಬರಲ್ವಾ?" ಎಂದು ಕೇಳಿದೆ.

"ಬರುತ್ತೆ. ಪುಟ್ಟಿ ಈಗಷ್ಟೇ ಮಲಗಿದ್ದಾಳೆ, ಮೇಲಿನ ಷಡ್ಜ ಹಿಡಿದು ಎಬ್ಬಿಸಲಾ?"